ಸೊಂಟಮಟ್ಟದ ನೀರು

ನಾನು ನಿವೃತ್ತನಾದಾಗ ನನಗೆ ಹದಿನೇಳು ವರ್ಷ ಮೂರು ತಿಂಗಳು. ಬೀಳ್ಕೊಡುಗೆಗೆ ಒಂದು ಕಪ್ ಚಹಾ ಮತ್ತು ಅರ್ಧ ಬಾಳೆಹಣ್ಣು ಸಿಕ್ಕಿತು. ಉಳಿದರ್ಧವನ್ನು ತಿಮೋಥಿ ಉಪದೇಶಿಯವರು ನನ್ನ ಗುಣಗಾನ ಮಾಡುತ್ತಲೇ ತಿನ್ನತೊಡಗಿದರು. ಗುಣಗಾನ ಬಾಳೆಹಣ್ಣಿಗಿಂತ ಮೊದಲೇ ಮುಗಿಯಿತು.

ಐದು ವರ್ಷ ಮಾಡಿದ ಆ ಕೆಲಸಕ್ಕೆ ಹೆಸರೇ ಇರಲಿಲ್ಲ. ಹುಬ್ಬಳ್ಳಿಯ ಸಂತೆಯಲ್ಲಿ ಉಪದೇಶಿಯವರು ನಿಂತು ಸುವಾರ್ತೆ ಸಾರುತ್ತಿದ್ದರು. ಆದರೆ ಸಂತೆಗೆ ಬಂದವರು ಮೆಣಸಿನಕಾಯಿ ನೋಡುತ್ತಾರೆಯೇ ಹೊರತು ಉಪದೇಶಿಯನ್ನಲ್ಲ. ಅದಕ್ಕೆ ಮೊದಲು ಒಬ್ಬ ಹುಡುಗ ಸ್ಟೂಲ್ ಹತ್ತಿ ಸಾಕ್ಷಿ ಹೇಳಬೇಕು, ಅಂದರೆ ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂದು ಕೂಗಿ ಹೇಳಿ ಜನ ಸೇರಿಸಬೇಕು. ಸ್ಟೂಲಿಗೆ ನಾಲ್ಕು ಕಾಲು, ಅದರಲ್ಲಿ ಮೂರನ್ನು ನಂಬಬಹುದಿತ್ತು. ಇನ್ನು ಮುಂದೆ ಆ ಸ್ಟೂಲ್ ಹತ್ತುವ ನಮ್ಮ ಮಿಷನ್ ಕಂಪೌಂಡಿನ ಹುಡುಗರು ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಅವರಿಗಾಗಿ ಇದು.

ಮೊದಲು ಬಂಡವಾಳದ ವಿಷಯ. ನನ್ನ ಬಂಡವಾಳ ಒಂದು ಬಾವಿ.

ಒಂಬತ್ತನೆಯ ವರ್ಷದಲ್ಲಿ ನಾನು ಕಂಪೌಂಡಿನ ಬಾವಿಯೊಳಗೆ ಬಿದ್ದೆ. ಬಿದ್ದದ್ದು ಹೇಗೆಂದರೆ, ಬಾವಿಕಟ್ಟೆಯ ಮೇಲೆ ಒಂಟಿಕಾಲಲ್ಲಿ ಮೂರು ಸುತ್ತು ಹಾಕುತ್ತೇನೆಂದು ಆರು ಜನರ ಮುಂದೆ ಪಣ ತೊಟ್ಟಿದ್ದೆ. ಮೊದಲ ಸುತ್ತು ಸುಸೂತ್ರವಾಗಿ ಮುಗಿಯಿತು. ಎರಡನೆಯದರಲ್ಲಿ ಚಪ್ಪಾಳೆ ಕೇಳಿಸಿತು, ಬಗ್ಗಿ ನಮಸ್ಕಾರ ಮಾಡಹೋದೆ. ಬೇಸಿಗೆಯ ದಿನ, ನೀರು ನನ್ನ ಸೊಂಟದ ಮಟ್ಟ. ರಸ್ತೆಯಲ್ಲಿ ಅರಳೆಯ ಗಾಡಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಮನುಷ್ಯ ಗೋಡೆ ಹಾರಿ ಬಂದು, ಹಗ್ಗ ಇಳಿಬಿಟ್ಟು, ನನ್ನನ್ನು ಮೇಲಕ್ಕೆಳೆದ. ಅವ್ವ ಬಂದು ನನ್ನನ್ನು ಅಪ್ಪಿಕೊಂಡಳು, ಆಮೇಲೆ ಬಾರಿಸಿದಳು. ಆ ಗಲಾಟೆಯಲ್ಲಿ ಗಾಡಿಯವನು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಹನ್ನೆರಡನೆಯ ವರ್ಷದಲ್ಲಿ ಸ್ಟೂಲ್ ಹತ್ತಿದ ಮೊದಲ ದಿನ ಇದನ್ನು ಇದ್ದ ಹಾಗೆಯೇ ಹೇಳಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಮುಂದೆ ನಿಂತಿದ್ದ ಒಬ್ಬ ರೈತ ಬಾಯಲ್ಲಿದ್ದ ತಂಬಾಕು ಉಗುಳಿ ಕೇಳಿದ: "ಎಳದಾಂವ ಗಾಡ್ಯಾಂವ ಆದಾ. ಇದರಾಗ ನಿಮ್ಮ ದೇವ್ರು ಎಲ್ಲಿ ಬಂದಾ?"

ಉತ್ತರ ಹುಡುಕುವ ಬದಲು ನಾನು ಕಥೆಯನ್ನೇ ರಿಪೇರಿ ಮಾಡಿದೆ. ಮುಂದಿನ ಸಂತೆಗೆ ನೀರು ಎದೆಮಟ್ಟಕ್ಕೆ ಬಂತು. ದಸರೆಯ ಹೊತ್ತಿಗೆ ಒಂದಾಳು, ಮರು ವರ್ಷ ಎರಡಾಳು. ನಾನು ಬಾವಿಕಟ್ಟೆ ಹತ್ತಿದ್ದು ಕಾಯಿಲೆಬಿದ್ದ ಒಬ್ಬ ಮುದುಕಿಗೆ ನೀರು ಸೇದಲು ಎಂದಾಯಿತು. ಗಾಡಿಯವನು ಮೊದಲು ಬಿಳಿ ಬಟ್ಟೆ ತೊಟ್ಟ ಅಪರಿಚಿತನಾದ. ಆಮೇಲೆ ಅವನೂ ಬೇಡ ಅನ್ನಿಸಿತು, ಪೂರ್ತಿ ತೆಗೆದುಹಾಕಿದೆ. ಹಗ್ಗ ತಾನಾಗಿಯೇ ಕೆಳಗಿಳಿಯಿತು. ಮನುಷ್ಯ ಕಡಿಮೆಯಾದಷ್ಟೂ ದೇವರು ಹೆಚ್ಚಾಗುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ಮಾಡುವಾಗ ತಪ್ಪು ಅನ್ನಿಸುವುದಿಲ್ಲ, ಭಕ್ತಿ ಅನ್ನಿಸುತ್ತದೆ.

ಹಗ್ಗ ತಾನಾಗಿ ಇಳಿದ ದಿನ ಜನ ಎರಡು ಪಟ್ಟು ನಿಂತರು. ತಿಮೋಥಿ ಉಪದೇಶಿಯವರು ಗಂಟಲು ಸರಿಮಾಡಿಕೊಂಡು ಬೋಧನೆ ಶುರುಮಾಡಿದರು.

ಅವರನ್ನೂ ದೂರುವ ಹಾಗಿಲ್ಲ. ಸಂತೆ ನಡೆಯುವ ದುರ್ಗದ ಬೈಲಿನಲ್ಲಿ ಜನರ ಕಿವಿಗಾಗಿ ಆಗ ಬಹಳ ಪೈಪೋಟಿ. "ದಾನ್ಯಾ," ಎನ್ನುತ್ತಿದ್ದರು, ನನ್ನ ಹೆಸರು ದಾನಿಯೇಲ, "ಆ ಕಡಿ ಸ್ವರಾಜ್ಯದ ಭಾಷಣ ನಡದೈತಿ, ಈ ಕಡಿ ಹಲ್ಲಿನ ಪುಡಿ ಮಾರಾಂವ ಬಂದಾನ. ಇವತ್ತ ಒಂಚೂರು ಜೋರಾಗಿ ಬೀಳು."

ನಾನು ಜೋರಾಗಿಯೇ ಬೀಳುತ್ತಿದ್ದೆ. ಕೆಲವು ಸಲ ಸ್ಟೂಲೂ ನನ್ನ ಜೊತೆ ಬೀಳುತ್ತಿತ್ತು.

ಕೆಲಸದ ಪದ್ಧತಿಗಳು ಬದಲಾಗುತ್ತ ಬಂದವು. ಮೊದಲು ತಾಳ ಹಾಕಿ ಹಾಡುವುದಿತ್ತು, ಆಮೇಲೆ ಸುರುಳಿ ಬಿಚ್ಚುವ, ಬೈಬಲ್ ಕಥೆಗಳ ದೊಡ್ಡ ಚಿತ್ರಪಟ ಬಂತು. ಆಷಾಢದ ಗಾಳಿಗೆ ಅದು ಕೈತಪ್ಪಿ ಹಾರಿ ಒಂದು ಎಮ್ಮೆಯ ಮೈಮೇಲೆ ಕೂತಿತು. ಎಮ್ಮೆ ಚಿತ್ರ ಹೊದ್ದುಕೊಂಡು ಬೆಲ್ಲದ ಅಂಗಡಿಗಳ ನಡುವೆ ಓಡಿತು. ಅಷ್ಟು ಜನ ಆ ಪಟವನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೊಂದೇ ದಿನ.

ಧಾರವಾಡದಲ್ಲಿ ಮಾತ್ರ ಹುಷಾರಾಗಿರಿ. ಅಲ್ಲಿಯ ಜನ ಕೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಒಂದು ಸಲ ಕೊಡೆ ಊರಿಕೊಂಡು ನಿಂತಿದ್ದ ಸಾಲಿ ಮಾಸ್ತರರೊಬ್ಬರು ನಾನು ಮುಗಿಸುವವರೆಗೂ ಕಾದು, ಬಹಳ ಸಭ್ಯವಾಗಿ ಕೇಳಿದರು: "ತಮ್ಮಾ, ಹೋದ ತಿಂಗಳ ನಿನ್ನ ಬಾವ್ಯಾಗ ಎರಡಾಳ ನೀರಿತ್ತು. ಈಗ ಮೂರಾಳ ಅಂತೀ. ನಡುವ ಮಳಿ ಆಗಿತ್ತೇನು?"

ಹುಬ್ಬಳ್ಳಿಗೆ ಮರಳುವ ರೈಲಿನಲ್ಲಿ ಉಪದೇಶಿಯವರು ಕಿಟಕಿಯ ಕಡೆಗೇ ಮುಖಮಾಡಿ ಕೂತಿದ್ದರು. ಮನೆಯಲ್ಲಿ ಅವ್ವನಿಗೆ ಹೇಳಿದರೆ ಅವಳು ರೊಟ್ಟಿ ತಟ್ಟುತ್ತಲೇ ಅಂದಳು: "ಮಾಸ್ತರು ಖರೇನ ಕೇಳ್ಯಾರ. ನಿನ್ನ ಬಾವಿ ಕೋಡಿ ಬಿದ್ದೈತಿ. ನಾಳೆ ನನ್ನ ಒಲಿಗೂ ನೀರು ಬರತೈತಿ, ಸರದು ಕೂಡು."

ನಾನು ನಕ್ಕೆ. ನಗು ಬರುತ್ತಿದ್ದ ದಿನಗಳು ಅವು.

ನಮ್ಮ ಸಭೆಯಲ್ಲಿ ಒಂದು ರೂಢಿಯಿದೆ. ಪ್ರಭುಭೋಜನದ, ಅಂದರೆ ಸಭೆಯವರೆಲ್ಲ ಮೇಜಿನ ಬಳಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಭಾನುವಾರದ, ಹಿಂದಿನ ವಾರ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಅಯ್ಯನವರ ಜಗುಲಿಗೆ ಹೋಗಿ ಹೆಸರು ಬರೆಸಬೇಕು. ಅಯ್ಯನವರೆಂದರೆ ನಮ್ಮ ಸಭೆಯ ಪಾಲಕರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡ, ಮೆಲುದನಿಯ ಮುದುಕರು. ಪ್ರತಿಯೊಬ್ಬರಿಗೂ ಅವರದು ಒಂದೇ ಪ್ರಶ್ನೆ: ಹೋದ ಭೋಜನದಿಂದ ಇಲ್ಲಿಯತನಕ ದೇವರು ನಿನ್ನ ಕೂಡ ಏನು ಮಾಡಿದ? ಜಗಳ ಆಡಿದವರು ರಾಜಿಯಾದದ್ದನ್ನು ಹೇಳುತ್ತಿದ್ದರು, ಮಗು ಕಳೆದುಕೊಂಡವರು ಅತ್ತು ಎದ್ದು ಬರುತ್ತಿದ್ದರು. ನಾನು ಪ್ರತಿ ಸಲ ಬಾವಿ ಹೇಳಿ ಹೆಸರು ಬರೆಸಿ ಬರುತ್ತಿದ್ದೆ.

ಹದಿನೇಳು ತುಂಬುವ ಹೊತ್ತಿಗೆ ಒಮ್ಮೆ ಹಾಗೆಯೇ ಹೋಗಿ ಕೂತು ಬಾವಿಗೆ ಬಿದ್ದೆ. ಅಯ್ಯನವರು ತಡೆಯಲಿಲ್ಲ, ನಾನು ಹೊಸದಾಗಿ ಸೇರಿಸಿದ ಹಾವು ಬರುವತನಕ ಕೇಳಿದರು.

"ಹಾವು ಹೋದ ಸಲ ಇರಲಿಲ್ಲಲ್ಲಪಾ?"

"ಆಮ್ಯಾಲೆ ನೆನಪಾತರಿ."

"ಹೂಂ. ಬಿದ್ದಾಗ ನಿನಗೆಷ್ಟು ವರ್ಷ?"

"ಒಂಬತ್ತರಿ."

"ಈಗ?"

"ಹದಿನೇಳು ತುಂಬಾಕ ಬಂತರಿ."

ಅವರು ನನ್ನ ಹೆಸರು ಬರೆಯದೆಯೇ ಪುಸ್ತಕ ಮುಚ್ಚಿದರು. ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಎಂಟು ವರ್ಷ ನೀರಾಗ ನಿಂತ್ರ ಕಾಲು ಕೊಳೀತಾವು, ದಾನಿಯೇಲ. ಮ್ಯಾಲೆ ಬಾ. ಎರಡು ತಿಂಗಳಿಗೆ ಮತ್ತ ಭೋಜನ ಐತಿ. ಅವಾಗ ಈ ವರ್ಷದ್ದು ಏನರ ತಗೊಂಡ ಬಾ. ಸಣ್ಣದಿದ್ರೂ ನಡೀತೈತಿ. ಖರೇ ಇರಬೇಕು, ಅಷ್ಟ."

ಆ ಭಾನುವಾರ ಎಲ್ಲರೂ ಎದ್ದು ಮೇಜಿನ ಕಡೆಗೆ ಹೋದಾಗ ನಾನು ಕೊನೆಯ ಬೆಂಚಿನಲ್ಲಿ ಕೂತೇ ಇದ್ದೆ. ಅವ್ವ ಹೋಗುವಾಗಲೂ ಬರುವಾಗಲೂ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಪ್ರಾರ್ಥನೆಗೆ ಕೂತೆ. ಬಾವಿಯ ಮಾತೆತ್ತದೆ ಪ್ರಾರ್ಥಿಸೋಣವೆಂದು ಬಾಯಿ ತೆರೆದೆ, ಒಂದು ಶಬ್ದವೂ ಬರಲಿಲ್ಲ. ಬಾಯಿ ಹಾಗೆಯೇ ತೆರೆದಿತ್ತು. ಆಗ ಗೊತ್ತಾಯಿತು: ಚೊಣ್ಣ ಹೋಗಿ ಪಾಯಿಜಾಮ ಬಂದಿದೆ, ದನಿ ಒಡೆದಿದೆ, ಮೀಸೆ ಅಂತ ನಾನು ಕರೆಯುವ ಏನೋ ಒಂದು ಬಂದಿದೆ, ಪ್ರಾರ್ಥನೆ ಮಾತ್ರ ಒಂಬತ್ತು ವರ್ಷದ್ದೇ ಉಳಿದಿದೆ. ದೇವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಐದು ವರ್ಷದಿಂದ ದೇವರ ಬಗ್ಗೆ ಸಂತೆಗೆ ಹೇಳುತ್ತಿದ್ದೆ, ಅಷ್ಟೇ.

ಮುಂದಿನ ಆರು ವಾರ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಎರಡು ತಿಂಗಳೊಳಗೆ ಒಂದು ಅನುಭವ ಹುಡುಕಬೇಕಿತ್ತು, ಗಡುವು ಹಾಕಿಕೊಂಡು.

ಮೊದಲು ಉಪವಾಸ. ಬರಿಹೊಟ್ಟೆಯಲ್ಲಿ ಧಾರವಾಡದವರೆಗೆ ನಡೆಯುವ ಸಂಕಲ್ಪ. ಉಣಕಲ್ಲು ದಾಟಿದೆ, ನವಲೂರಿನ ಹತ್ತಿರ ಬಂದೆ. ರಸ್ತೆಯ ಪಕ್ಕದಲ್ಲಿ ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ನನ್ನ ಮುಖ ನೋಡಿ ಒಂದು ಹಣ್ಣು ಕೈಗಿಟ್ಟಳು. "ಇವತ್ತ ನಾ ಉಪಾಸ ಅದೀನ್ರಿ, ಯವ್ವಾ," ಎಂದೆ. ಎರಡನೆಯ ಹಣ್ಣು ಬಾಯಲ್ಲಿದ್ದುದರಿಂದ ಆಕೆಗೆ ಸರಿಯಾಗಿ ಕೇಳಿಸಲಿಲ್ಲ.

ಆಮೇಲೆ ಇಡೀ ಬೈಬಲ್ಲನ್ನು ಮೊದಲಿನಿಂದ ಓದಿ ಮುಗಿಸಲು ಹೊರಟೆ. ಗುಡಾರದ ಪರದೆಗಳ ಅಳತೆ ಬರುವವರೆಗೆ ಓಡಿದೆ. ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎಂದು ಎಣಿಸುತ್ತ ಮಧ್ಯಾಹ್ನ ನಿದ್ದೆ ಹೋದೆ. ಎದ್ದಾಗ ಒಂದು ಪುಟ ಕೆನ್ನೆಗೆ ಅಂಟಿಕೊಂಡಿತ್ತು.

ಮೂರನೆಯದು ಉಣಕಲ್ಲ ಕೆರೆ ದಂಡೆ. ಬೆಳಿಗ್ಗೆ ಹೋಗಿ ಮೊಣಕಾಲೂರಿ ನೆಲಕ್ಕೆ ತಲೆ ಬಗ್ಗಿಸಿದೆ. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟು ಬಂದರು.

"ಏನ ಕಳಕೊಂಡೀ, ತಮ್ಮಾ?"

ನಾನು ತಲೆಯೆತ್ತಲಿಲ್ಲ.

"ಪಾಪ, ಅಳಾಕತ್ತಾನ. ಉಂಗುರ ಇರಬೇಕು. ಆ ಕಡಿ ನೋಡ ಗಂಗವ್ವಾ, ಹುಲ್ಲಾಗ ನೋಡು."

ಇಬ್ಬರೂ ಹುಲ್ಲು ಸರಿಸಿ ಸರಿಸಿ ಹುಡುಕಿದರು. ಒಂದು ಹಿತ್ತಾಳೆಯ ಗುಂಡಿ ಸಿಕ್ಕಿತು. ಅದನ್ನೇ ನನ್ನ ಅಂಗೈಯಲ್ಲಿಟ್ಟು, "ಇದ ಏನಪಾ?" ಎಂದರು. ಹೌದೆಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಆ ಪ್ರಶ್ನೆ ಬೆನ್ನ ಹಿಂದೆಯೇ ಬಂತು. ಏನು ಕಳೆದುಕೊಂಡಿದ್ದೇನೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು? ಗುಂಡಿ ಈಗಲೂ ನನ್ನ ಬಳಿ ಇದೆ.

ಇಷ್ಟರ ನಡುವೆ ಸ್ಟೂಲಿನ ಕೆಲಸ ನಿಲ್ಲಿಸಿರಲಿಲ್ಲ. ಕೆಲಸ ಕೆಲಸವೇ. ಗಡುವಿಗೆ ಎರಡು ವಾರ ಉಳಿದಾಗ ಒಂದು ಸಂತೆಯ ದಿನ ಮೂರಾಳು ನೀರಿನಲ್ಲಿ ಮುಳುಗೇಳುತ್ತಿದ್ದೆ. ಹಾವು ಬಂದು ಹೋಗಿತ್ತು. ಮೇಲಿನಿಂದ ಹಗ್ಗ ತಾನಾಗಿ ಇಳಿಯಿತು, ನಾನು ಕೈಚಾಚಿದೆ. ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಹಗ್ಗ ತಾನ ಇಳೀಲಿಲ್ಲ, ತಮ್ಮಾ. ನಾ ಬಿಟ್ಟೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಹಣೆಗೆ ವಿಭೂತಿ, ತಲೆಗೆ ರುಮಾಲು, ಹೆಗಲ ಮೇಲೆ ಬಾರುಕೋಲು. ಜನ ದಾರಿ ಬಿಟ್ಟರು. ಅವನು ಮುಂದೆ ಬಂದ.

"ನೀರು ನಿನ್ನ ಸೊಂಟದ ಮಟ ಇತ್ತು. ಹಾವು ಇರಲಿಲ್ಲ, ಒಂದು ಕಪ್ಪಿ ಇತ್ತು. ನೀ ದೇವರನ್ನ ಕರೀಲಿಲ್ಲ, ನಿಮ್ಮವ್ವನ್ನ ಕರದಿ. ಎರಡು ಸಲ ಅರ್ಧಕ್ಕ ಬಂದು ಕೈ ಬಿಟ್ಟು ಜಾರಿದಿ. ರಾಟಿ ಮುರದಿತ್ತಲ್ಲ, ಹಗ್ಗಾ ನಾ ಕೈಗೆ ಸುತಗೊಂಡಿದ್ದೆ."

ಎಡಗೈ ಎತ್ತಿ ತೋರಿಸಿದ. ಅಂಗೈಯ ಅಡ್ಡಕ್ಕೆ ಸುಟ್ಟಂತೆ ಒಂದು ಕಲೆ. ಕೊನೆಯ ಎರಡು ಬೆರಳು ಅರ್ಧ ಬಾಗಿ ಹಾಗೆಯೇ ನಿಂತಿದ್ದವು.

ಸಂತೆ ನಕ್ಕಿತು. ಹಲ್ಲಿನ ಪುಡಿಯವನೂ ಕೆಲಸ ಬಿಟ್ಟು ನಗಲು ಬಂದ. ನಾನು ಸ್ಟೂಲಿನಿಂದ ಇಳಿದೆ. ಅದು ಒಂದು ಮೊಳ ಎತ್ತರದ ಸ್ಟೂಲ್, ಇಳಿಯಲು ನನಗೆ ಬಹಳ ಹೊತ್ತು ಹಿಡಿಯಿತು. ನಾನು ತಲೆಯೆತ್ತುವಷ್ಟರಲ್ಲಿ ಅವನು ಗಾಡಿ ಹೊಡೆದುಕೊಂಡು ಹೋಗಿಬಿಟ್ಟಿದ್ದ, ಎಂಟು ವರ್ಷದ ಹಿಂದೆ ಹೋದ ಹಾಗೆಯೇ.

ಹೆಸರು ಚನ್ನಬಸಪ್ಪ, ಗೋಕುಲದವನು ಎಂದು ಅರಳೆಯ ಅಂಗಡಿಯವರು ಹೇಳಿದರು. ಮೂರನೆಯ ದಿನ ಗೋಕುಲಕ್ಕೆ ನಡೆದೆ. ದಾರಿಯಲ್ಲಿ ಒಂದು ದೊಡ್ಡ ಕ್ಷಮಾಪಣೆಯ ಭಾಷಣ ತಯಾರಿಸಿಕೊಂಡೆ. ಅದರಲ್ಲಿ ನಾನು ಎರಡು ಕಡೆ ಅಳುವುದಿತ್ತು.

ಅವನು ಅಂಗಳದಲ್ಲಿ ಗಾಡಿಗೆ ಎತ್ತು ಹೂಡುತ್ತಿದ್ದ. ನೊಗದ ಹಗ್ಗ ಬಿಗಿಯಲು ಎಡಗೈ ಹಿಡಿತಕ್ಕೆ ಬರುತ್ತಿರಲಿಲ್ಲ. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಲಗೈಯಿಂದ ಗಂಟು ಹಾಕುತ್ತಿದ್ದ. ನನ್ನನ್ನು ನೋಡಿ, ಹಗ್ಗ ಕಚ್ಚಿಕೊಂಡೇ ಹುಬ್ಬೇರಿಸಿದ.

ಭಾಷಣ ಎಲ್ಲಿ ಹೋಯಿತೋ. "ಕಾಕಾ," ಎಂದೆ, "ನಾ ನಿಮ್ಮನ್ನ ತಗದಬಿಟ್ಟಿದ್ದೆ."

ಅವನು ಹಗ್ಗ ಬಿಟ್ಟ. "ಎಲ್ಲಿಂದ?"

"ಕಥಿಯಿಂದರಿ. ನೀವಿದ್ರ ದೇವ್ರು ಸಣ್ಣಾಂವ ಕಾಣತಾನ ಅಂತ."

ಚನ್ನಬಸಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. "ಅವತ್ತ ನಾ ಆ ರಸ್ತೇದಾಗ ಬರಾಂವ ಅಲ್ಲ. ದಿನಾ ಹೋಗೋ ಹಾದ್ಯಾಗ ಗಾಡಿ ಸಿಕ್ಕೊಂಡು ದಾರಿ ಬಂದ್ ಆಗಿತ್ತು, ಅದಕ್ಕ ನಿಮ್ಮ ಕಂಪೌಂಡ ಕಡಿ ಹೊಳ್ಳಿದೆ. ನಮ್ಮಾಕಿ ಇವತ್ತಿಗೂ ಅಂತಾಳ, ಶಿವಾ ನಿನ್ನ ಹೊಳ್ಳಿಸಿದಾ ಅಂತ. ನಿಮ್ಮ ಮಂದಿ ಏನಂತೀರಿ ನನಗ ಗೊತ್ತಿಲ್ಲ. ಖರೇ ಒಂದು ಹೇಳು, ಅಂವಾ ನನ್ನ ಕೈಲೇ ಎಳಿಸಿದ್ರ ಅವನಿಗೇನ್ ಕಡಿಮಿ ಆತು?"

ಐದು ವರ್ಷದ ಹಿಂದೆ ರೈತ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ, ಈ ಅಂಗಳದಲ್ಲಿ, ಎತ್ತಿನ ಪಕ್ಕದಲ್ಲಿ ನಿಂತಿತ್ತು.

"ನಾ ಏನ್ ಮಾಡ್ಲಿ, ಕಾಕಾ?"

"ನನಗ ಏನೂ ಬ್ಯಾಡ. ಮುಂದಿನ ಸಂತಿಗೆ ನೀರು ಇಳಸು. ಈಗ ಈ ತುದಿ ಹಿಡಿ."

ಹಿಡಿದೆ. ನನ್ನ ಮೊದಲ ಗಂಟು ಗಾಡಿ ಅಂಗಳ ದಾಟುವ ಮೊದಲೇ ಬಿಚ್ಚಿತು. ಎತ್ತು ಮುಂದೆ ಹೋಯಿತು, ಗಾಡಿ ನಿಂತಲ್ಲೇ ನಿಂತಿತು. ಅವನು ನಕ್ಕು ಮತ್ತೆ ಹೇಳಿಕೊಟ್ಟ. ಹಿಂತಿರುಗುವಾಗ ದಾರಿಯಲ್ಲಿ ಗೊತ್ತಿಲ್ಲದೆಯೇ ಪ್ರಾರ್ಥನೆ ಶುರುವಾಯಿತು. ಆ ಎರಡು ಬೆರಳಿನ ಸಲುವಾಗಿ. ನಾಲ್ಕೇ ಮಾತು, ತೊದಲು ಮಾತು. ಎಂಟು ವರ್ಷದಲ್ಲಿ ನನ್ನ ಹೆಸರಿಲ್ಲದ ಮೊದಲ ಪ್ರಾರ್ಥನೆ ಅದು.

ಮುಂದಿನ ಸಂತೆಯಲ್ಲಿ ನೀರು ಇಳಿಸಿದೆ. ಒಂಟಿಕಾಲು, ಚಪ್ಪಾಳೆ, ಸೊಂಟಮಟ್ಟ, ಕಪ್ಪೆ, ಅವ್ವನನ್ನು ಕರೆದದ್ದು, ಚನ್ನಬಸಪ್ಪನ ಕೈ, ಎಲ್ಲ ಹೇಳಿದೆ. ಅದನ್ನು ಇಷ್ಟು ವರ್ಷ ನುಂಗಿದ್ದೆನೆಂದೂ ಹೇಳಿದೆ. ಸ್ಟೂಲ್ ಅಲುಗಾಡುತ್ತಲೇ ಇತ್ತು. ಆ ದಿನ ಸ್ಟೂಲಿನದೇನೂ ತಪ್ಪಿಲ್ಲ. ಯಾರೂ ನಗಲಿಲ್ಲ, ಯಾರೂ ಕೂಗಲಿಲ್ಲ, ಒಬ್ಬೊಬ್ಬರಾಗಿ ಮೆಣಸಿನಕಾಯಿಯ ಕಡೆಗೆ ಹೋದರು. ಕೊನೆಗೆ ಮೂವರು ಉಳಿದರು, ಒಂದು ಕರುವನ್ನೂ ಸೇರಿಸಿದರೆ ನಾಲ್ಕು.

ತಿಮೋಥಿ ಉಪದೇಶಿಯವರು ಮುಂದೆ ಬಂದರು. ಅವರ ಬೈಬಲ್ ಕೈಗೆತ್ತಿಕೊಂಡರೆ ತಾನಾಗಿಯೇ ಒಂದೇ ಕಡೆ ತೆರೆದುಕೊಳ್ಳುತ್ತಿತ್ತು, ಇಪ್ಪತ್ತು ವರ್ಷ ಅಲ್ಲಿಂದಲೇ ಬೋಧಿಸಿದ್ದರು. ಆ ದಿನ ತೆರೆದುಕೊಂಡದ್ದನ್ನು ಮುಚ್ಚಿದರು. ಬೇರೆ ಕಡೆ ಬಿಚ್ಚಲು ಹೋದರೆ ಎರಡು ಹಾಳೆ ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸಿದರು. ತಡವರಿಸಿದರು, ಎರಡು ಸಲ ಸಾಲು ತಪ್ಪಿದರು. ಅಷ್ಟು ಕೆಟ್ಟದಾಗಿ ಅವರು ಎಂದೂ ಮಾತಾಡಿರಲಿಲ್ಲ. ನಾನು ಅವರ ಮಾತು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

ಸ್ಟೂಲ್ ಹೊತ್ತು ಮರಳುವಾಗ ಅವರು ಕೇಳಿದರು: "ಹಗ್ಗ ತಾನ ಇಳದ ದಿನಾನ ನಾ ನಿನ್ನ ತಡೀಬೇಕಿತ್ತು. ಮಂದಿ ಭಾಳ ಕೂಡಿದ್ರಲ್ಲೋ, ದಾನ್ಯಾ. ಸಿಟ್ಟೈತೇನು ನನ್ನ ಮ್ಯಾಲೆ?"

"ಇಲ್ಲರಿ. ಸ್ಟೂಲ್ ಈಗ ನೀವು ಹಿಡೀರಿ, ಕೈ ಸೋತೈತಿ," ಎಂದೆ. ಹಿಡಿದರು.

ಹೆಸರು ಬರೆಸುವ ದಿನ ಜಗುಲಿಯಲ್ಲಿ ಅಯ್ಯನವರು ಅದೇ ಪ್ರಶ್ನೆ ಕೇಳಿದರು.

"ನೀರು ಸೊಂಟದ ಮಟ ಇತ್ತರಿ," ಎಂದೆ. ಉಳಿದದ್ದನ್ನೂ ಹೇಳಿದೆ. ಗಂಟು ಬಿಚ್ಚಿದ್ದನ್ನೂ ಬಿಡಲಿಲ್ಲ.

ಅವರು ಪೆನ್ನಿನ ಟೊಪ್ಪಿಗೆ ತೆಗೆದು ಹೆಸರು ಬರೆದರು. ಹೊಗಳಲಿಲ್ಲ. ನಾನು ಎದ್ದು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ದಾನಿಯೇಲ, ಮುಂದಿನ ಸಲ ಇದನ್ನೂ ತರಬ್ಯಾಡ," ಎಂದರು.

"ಮತ್ತೇನ್ ತರಲ್ರಿ?"

"ನನಗೇನ ಗೊತ್ತು? ಇನ್ನೂ ಆಗಿಲ್ಲಲ್ಲ."

ಭೋಜನದ ದಿನ ಅವ್ವನ ಪಕ್ಕದಲ್ಲಿ ಮೇಜಿನವರೆಗೆ ನಡೆದೆ. ನೆಮ್ಮದಿ ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿತು, ಸುಮಾರು ಸೋಮವಾರ ಮಧ್ಯಾಹ್ನದವರೆಗೆ. ಆಮೇಲೆ ಮತ್ತೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಈಗ ಅದನ್ನು ಕಾಯಿಲೆ ಅಂದುಕೊಳ್ಳುವುದಿಲ್ಲ.

ಸ್ವಲ್ಪ ದಿನಕ್ಕೆ ನಾನೇ ಉಪದೇಶಿಯವರಿಗೆ ಹೇಳಿ ಕೆಲಸ ಬಿಟ್ಟೆ. ಪ್ರತಿ ಸಂತೆಗೆ ಒಂದು ಹೊಸ ಸಾಕ್ಷಿ ನನ್ನ ಬಳಿ ಇರುವುದಿಲ್ಲ, ಇಲ್ಲದ ದಿನ ಸ್ಟೂಲ್ ಹತ್ತಿದರೆ ನೀರು ಏರುತ್ತದೆ, ಅದು ನನಗೆ ಗೊತ್ತು. ಈಗ ಬಡಗಿ ಕೆಲಸ ಕಲಿಯುತ್ತಿದ್ದೇನೆ. ಮೊದಲು ಮಾಡಿದ್ದು ಸ್ಟೂಲಿನ ನಾಲ್ಕನೆಯ ಕಾಲು. ಅರಳೆಯ ಹಂಗಾಮಿನಲ್ಲಿ ಬೆಳಿಗ್ಗೆ ಗೋಕುಲಕ್ಕೆ ಹೋಗಿ ನೊಗದ ಗಂಟು ಕಟ್ಟಿ ಬರುತ್ತೇನೆ. ಚನ್ನಬಸಪ್ಪ ಅವನ ಲಿಂಗಪೂಜೆ ಮುಗಿಸಿ ಹೊರಗೆ ಬಂದವನೇ ಕೇಳುತ್ತಾನೆ: "ನೀರು ಎಲ್ಲಿತನಕಾ ಐತಿ, ತಮ್ಮಾ?" ಕೆಲವು ದಿನ ನಗುತ್ತ ಉತ್ತರಿಸುತ್ತೇನೆ. ಕೆಲವು ದಿನ ನಿಂತು ಯೋಚಿಸಬೇಕಾಗುತ್ತದೆ.

ಸ್ಟೂಲ್ ಹತ್ತುವ ಹುಡುಗರಿಗೆ ಇನ್ನೊಂದೇ ಮಾತು. ಮೇಲೆ ನಾನು ಒಂದು ಕರುವಿನ ವಿಷಯ ಬರೆದಿದ್ದೇನೆ. ಆ ದಿನ ಸಂತೆಯಲ್ಲಿ ನಮ್ಮ ಮುಂದೆ ಕರು ಇರಲಿಲ್ಲ, ಮೂವರೇ ಇದ್ದರು. ಹೊಡೆದುಹಾಕಲು ಪೆನ್ಸಿಲ್ ಎತ್ತಿದೆ, ಮತ್ತೆ ಕೆಳಗಿಟ್ಟೆ. ಅದು ಅಲ್ಲಿಯೇ ಇರಲಿ. ನೀರು ಏರುವುದು ಹೇಗೆಂದು ನೀವೂ ಒಮ್ಮೆ ಕಣ್ಣಾರೆ ನೋಡಿದಂತಾಗುತ್ತದೆ.